ಮೊದಲು ಅಪ್ಪಯ್ಯನನ್ನು ಕೇಳುವುದು, ಆಮೇಲೆ ಮೊಬೈಲ್: ಒಂದು ಮಂಡಲದ ಪ್ರಯತ್ನ

ತೋಟದಂಚಿನವ (ಸಾಗರ ತಾಲ್ಲೂಕು) · ಜೂನ್ 4

ಎಲ್ಲರಿಗೂ ನಮಸ್ಕಾರ. ಇಂದಿನಿಂದ ಒಂದು ಮಂಡಲ, ಅಂದರೆ 48 ದಿನ, ಒಂದು ನಿಯಮ ಹಾಕಿಕೊಂಡಿದ್ದೇನೆ. ಏನಾದರೂ ತಿಳಿಯಬೇಕೆನಿಸಿದರೆ ಮೊದಲು ಮನೆಯವರನ್ನೋ ತೋಟದ ಕೆಲಸಕ್ಕೆ ಬಂದವರನ್ನೋ ಕೇಳುವುದು. ಕೇಳಲು ಯಾರೂ ಸಿಗದಿದ್ದರೆ ಪ್ರಶ್ನೆಯನ್ನು ಜೇಬಿನ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಅಂತರ್ಜಾಲದಲ್ಲಿ ಹುಡುಕುವುದು. ಅಷ್ಟೇ. ಇದಕ್ಕೆ ಕಾರಣ ಹೋದ ವರ್ಷದ ಕೊಳೆಮದ್ದು.

ಹದಿಮೂರು ವರ್ಷ ಬೆಂಗಳೂರಿನಲ್ಲಿದ್ದು, ಅಮ್ಮ ತೀರಿಕೊಂಡ ಮೇಲೆ ಊರಿಗೆ ಮರಳಿದವನು ನಾನು. ಎರಡು ಎಕರೆ ಅಡಿಕೆ ತೋಟವಿದೆ. ಅಪ್ಪಯ್ಯನಿಗೆ ಎಪ್ಪತ್ತೆಂಟು. ಮರ ಹತ್ತುವುದನ್ನು ಬಿಟ್ಟು ಬಹಳ ಕಾಲವಾಗಿದೆ, ಆದರೆ ಈಗಲೂ ಯಾವ ಸಾಲಿನ ಯಾವ ಮರದಲ್ಲಿ ಎಷ್ಟು ಕೊನೆ (ಅಡಿಕೆ ಗೊನೆ) ಬಿಟ್ಟಿದೆ ಎಂದು ಕುಳಿತಲ್ಲಿಂದಲೇ ಹೇಳುತ್ತಾರೆ. ಅವರನ್ನು ಏನಾದರೂ ಕೇಳಿದರೆ ಮಾತ್ರ ಉತ್ತರ ನೇರವಾಗಿ ಬರುವುದಿಲ್ಲ. ಅದು ಅವರ ಚಿಕ್ಕಪ್ಪನ ಕಾಲದಿಂದ ಹೊರಟು, ಒಂದು ಮದುವೆ, ಒಂದು ವ್ಯಾಜ್ಯ ಎಲ್ಲವನ್ನೂ ದಾಟಿಕೊಂಡು ಬರಬೇಕು. ನನಗೆ ಅಷ್ಟು ಹೊತ್ತು ಕೂರುವ ವ್ಯವಧಾನವಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಅರ್ಧ ನಿಮಿಷದಲ್ಲಿ ಸಿಗುತ್ತದಲ್ಲ ಎಂದುಕೊಂಡಿದ್ದೆ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಉಳಿದವರಿಗಾಗಿ ಬರೆಯುತ್ತೇನೆ. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಬೇಕು. ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ ಬೇರೆಯಾಗಿ, ಸುಣ್ಣವನ್ನು ಇನ್ನೈವತ್ತು ಲೀಟರಿನಲ್ಲಿ ಬೇರೆಯಾಗಿ ಕರಗಿಸಿಕೊಂಡು, ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಅಂದು ಮಾಡಿದ್ದನ್ನು ಅಂದೇ ಮುಗಿಸಬೇಕು. ಮಳೆಗಾಲದ ಆರಂಭಕ್ಕೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ.

ಹೋದ ವರ್ಷ ಇದನ್ನೆಲ್ಲ ಒಂದು ವಿಡಿಯೊ ನೋಡಿಕೊಂಡು ಅಳತೆ ತಪ್ಪದಂತೆ ಮಾಡಿದೆ. ಅಪ್ಪಯ್ಯ ಜಗುಲಿಯಿಂದ ಎರಡು ಸಲ ಕೂಗಿ ಕೇಳಿದರು: "ಚೂರಿ ಅದ್ದಿ ನೋಡಿದೆಯೇನೋ?" ವಿಡಿಯೊದಲ್ಲಿ ಚೂರಿಯ ಮಾತೇ ಇರಲಿಲ್ಲ. "ಎಲ್ಲಾ ಸರಿಯಿದೆ" ಎಂದುಬಿಟ್ಟೆ. ನಾನು ಬಳಸಿದ ಸುಣ್ಣ ಹಿಂದಿನ ವರ್ಷದ್ದು, ಬಾಯಿ ಬಿಚ್ಚಿದ ಚೀಲದಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಕುಳಿತಿತ್ತು. ಗಾಳಿಗೆ ಬಿದ್ದ ಸುಣ್ಣ ಖಾರ ಕಳೆದುಕೊಳ್ಳುತ್ತದೆ. ತೂಕ ಕಿಲೋ ಇದ್ದರೂ ಕೆಲಸ ಅರ್ಧ ಕಿಲೋದಷ್ಟೂ ಮಾಡುವುದಿಲ್ಲ. ಸುಣ್ಣ ಸಾಲದೆ ಹೋದರೆ ದ್ರಾವಣದಲ್ಲಿ ಹುಳಿ ಉಳಿಯುತ್ತದೆ, ಅದ್ದಿದ ಚೂರಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ, ಮೈಲುತುತ್ತ ಎಳೆಗಾಯಿಯನ್ನು ಸುಡುತ್ತದೆ. ಎಂಟು ದಿನ ಕಳೆಯುವುದರೊಳಗೆ ಎಳೆಗಾಯಿಗಳ ಮೇಲೆ ಕಂದು ಚುಕ್ಕೆ ಎದ್ದಿತ್ತು. ಮರದ ಬುಡದಲ್ಲಿ ಉದುರಿದ ಕಾಯಿಯನ್ನು ಬುಟ್ಟಿಯಲ್ಲಿ ಆರಿಸಿದೆವು. ಅಪ್ಪಯ್ಯ ಒಂದು ಮಾತೂ ಆಡಲಿಲ್ಲ. ನನ್ನ ಪಕ್ಕದಲ್ಲೇ ಬಗ್ಗಿ ಆರಿಸಿದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ವಿಡಿಯೊದಲ್ಲಿ ಹೇಳಿದ್ದು ಸುಳ್ಳಲ್ಲ ಎಂಬುದನ್ನೂ ಬರೆಯಲೇಬೇಕು. ಅದನ್ನು ಮಾಡಿದವರ ಬಳಿ ಹೊಸ ಸುಣ್ಣವಿತ್ತು. ನನ್ನ ಕೊಟ್ಟಿಗೆಯ ಚೀಲ ಕಂಡಿದ್ದವರು ಜಗುಲಿಯಲ್ಲಿದ್ದರು.

ನಿಮ್ಮಲ್ಲಿ ಯಾರಾದರೂ ಇಂಥ ಅಭ್ಯಾಸ ಬದಲಿಸಲು ಹೊರಟಿದ್ದೀರಾ? ಹೇಗಾಯಿತು? ನಾಳೆ ಮೊದಲ ಸಲದ ಮದ್ದು ಹೊಡೆಯುವುದಿದೆ. ಚೂರಿಯನ್ನು ಈಗಲೇ ಮಸೆದಿಟ್ಟಿದ್ದೇನೆ.

ಅಡುಗೆಮನೆ ಡೈರಿ (ಮೈಸೂರು) · ಜೂನ್ 4

ನಿಮ್ಮ ಬರಹ ಓದಿ ಕಣ್ಣು ತುಂಬಿತು. ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು. ನಮ್ಮ ಮನೆಯ ಅಡುಗೆಮನೆಯಲ್ಲಿ, ಕಾಫಿಪುಡಿ ಡಬ್ಬಿಯ ಪಕ್ಕ, ಒಂದು ಡೈರಿ ಇರುತ್ತಿತ್ತು. ಗ್ಯಾಸಿನವರು, ಹಾಲಿನವರು, ಡಾಕ್ಟರು, ನಲ್ಲಿ ರಿಪೇರಿಯವರು, ಎಲ್ಲರ ನಂಬರೂ ಅದರಲ್ಲಿ. ಬರೆಯುವುದನ್ನು ಯಾವಾಗ ನಿಲ್ಲಿಸಿದೆ ಎಂದು ನೆನಪಿಲ್ಲ. ಬೇಕಾದಾಗ ಹುಡುಕಿದರೆ ಸಿಗುತ್ತದೆ ಎಂಬ ಧೈರ್ಯ.

ಎರಡು ವರ್ಷದ ಹಿಂದೆ ಒಂದು ಪಾರ್ಸೆಲ್ ಬರಬೇಕಿತ್ತು. ಬರಲಿಲ್ಲ. ಗ್ರಾಹಕ ಸೇವೆಯ ನಂಬರ್ ಎಂದು ಹುಡುಕಿದೆ, ಮೊದಲು ಕಂಡ ನಂಬರಿಗೆ ಕರೆ ಮಾಡಿದೆ. ಅತ್ತ ಕಡೆಯವನು "ಅಮ್ಮಾ, ಗಾಬರಿಯಾಗಬೇಡಿ" ಎಂದು ಒಳ್ಳೆಯ ಕನ್ನಡದಲ್ಲಿ ಮಾತನಾಡಿದ. ವಿಳಾಸ ಸರಿಪಡಿಸಲು ಎಂದು ಒಂದು ಆ್ಯಪ್ ಹಾಕಿಸಿದ, ಐದು ರೂಪಾಯಿ ಕಳಿಸಲು ಹೇಳಿದ. ನನ್ನ ಪರದೆ ಅವನಿಗೆ ಕಾಣುತ್ತಿದೆ ಎಂಬುದು ನನಗೆ ಹೊಳೆಯುವಷ್ಟರಲ್ಲಿ ಮೂವತ್ತೆಂಟು ಸಾವಿರ ಹೋಗಿತ್ತು. ನೂರಾರು ಗ್ರಾಹಕರಿಗೆ "ಯಾರಿಗೂ ಪಿನ್ ಹೇಳಬೇಡಿ" ಎಂದು ಹೇಳಿಕೊಂಡು ಬಂದವಳು ನಾನು.

ಸೊಸೆ ತಕ್ಷಣ 1930ಕ್ಕೆ ಕರೆ ಮಾಡಿದಳು. ದಯವಿಟ್ಟು ಎಲ್ಲರೂ ಈ ನಂಬರನ್ನು ಈಗಲೇ ಎಲ್ಲಾದರೂ ಬರೆದಿಟ್ಟುಕೊಳ್ಳಿ. ಆನ್‌ಲೈನ್ ವಂಚನೆಗೆ ದೇಶಕ್ಕೆಲ್ಲ ಒಂದೇ ಸಹಾಯವಾಣಿ ಅದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಹಿಡಿಯಬೇಕು, ಹಾಗಾಗಿ ಅಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ನನಗೆ ಹತ್ತೊಂಬತ್ತು ಸಾವಿರ ಮರಳಿ ಬಂತು.

ಈಗ ಡೈರಿ ಮತ್ತೆ ಅದೇ ಜಾಗದಲ್ಲಿದೆ. ಬ್ಯಾಂಕಿನ ನಂಬರನ್ನು ಕಾರ್ಡಿನ ಹಿಂಬದಿ ನೋಡಿ, ಗ್ಯಾಸಿನದನ್ನು ರಸೀದಿ ನೋಡಿ ಬರೆದಿದ್ದೇನೆ. ಹುಡುಕಿ ಸಿಕ್ಕ ನಂಬರ್ ಒಂದೂ ಅದರಲ್ಲಿಲ್ಲ.

ಕಿವಿಯಲ್ಲಿ ಓದುವವ (ಧಾರವಾಡ) · ಜೂನ್ 5

ಸಾಗರದವರ ನೋವು ಅರ್ಥವಾಗುತ್ತದೆ. ಆದರೂ ನನ್ನದೊಂದು ತಕರಾರು ಇದೆ, ಹೇಳದೆ ಇರಲಾರೆ.

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ನೀವು ಈಗ ವ್ರತದಂತೆ ಹಿಡಿದಿರುವ "ಮೊದಲು ಯಾರನ್ನಾದರೂ ಕೇಳುವುದು" ಎಂಬುದನ್ನು ನಾನು ಮೂವತ್ತು ವರ್ಷ ಬೇರೆ ದಾರಿಯಿಲ್ಲದೆ ಮಾಡಿದವನು. ಬಂದ ಕಾಗದದಲ್ಲಿ ಏನಿದೆ ಎಂದು ಕೇಳಬೇಕು. ಔಷಧಿಯ ಬಾಟಲಿ ಯಾವುದು ಎಂದು ಕೇಳಬೇಕು. ಅಣ್ಣನಿಗೆ ಪುರುಸೊತ್ತು ಇದೆಯೇ ಎಂದು ಅವನ ಹೆಜ್ಜೆಯ ಸಪ್ಪಳದಲ್ಲೇ ಅಳೆದು, ಆಮೇಲೆ ಬಾಯಿ ತೆರೆಯಬೇಕು. ಹಾಸ್ಟೆಲಿನಲ್ಲಿದ್ದಾಗ ಒಂದು ಅಧ್ಯಾಯ ಓದಿಸಿಕೊಳ್ಳಲು ಗೆಳೆಯನ ಬಟ್ಟೆ ಒಗೆದುಕೊಟ್ಟಿದ್ದೇನೆ. ಅವನು ಒಳ್ಳೆಯವನೇ. ಆದರೂ ಕೇಳುವವನ ಕೊರಳು ಸದಾ ಬಗ್ಗಿರುತ್ತದೆ.

2006ರಲ್ಲಿ ಆಸ್ಟ್ರೇಲಿಯಾದಲ್ಲಿ ಮೈಕಲ್ ಕರ‍್ರನ್ ಎಂಬ ದೃಷ್ಟಿಹೀನ ಯುವಕರು ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶವನ್ನು ಬರೆಯಲು ತೊಡಗಿದರು. ಅದು ಯಾರಿಗೂ ಉಚಿತ. ಕನ್ನಡವನ್ನೂ ಓದುತ್ತದೆ. ಉಚ್ಚಾರ ಯಂತ್ರದ್ದೇ, ಆದರೆ ಓದುತ್ತದೆ. ಅದು ನನ್ನ ಕಂಪ್ಯೂಟರಿಗೆ ಬಂದ ದಿನ ಒಂದು ಇಡೀ ದಿನಪತ್ರಿಕೆಯನ್ನು, ಜಾಹೀರಾತು ಸಹಿತ, ಒಬ್ಬನೇ ಕುಳಿತು ಕೇಳಿದೆ. ಯಾರ ಸಮಯವನ್ನೂ ತೆಗೆದುಕೊಳ್ಳದೆ. ಆ ರಾತ್ರಿಯ ಸುಖವನ್ನು ಕಣ್ಣಿದ್ದವರಿಗೆ ಹೇಗೆ ಹೇಳಲಿ?

ಅಂತರ್ಜಾಲಕ್ಕೆ ಒರಗಿಕೊಳ್ಳುವುದನ್ನೇ ದೌರ್ಬಲ್ಯ ಎಂದು ಯಾರಾದರೂ ಅಂದಾಗ ನನಗೆ ತಡೆಯಲಾಗುವುದಿಲ್ಲ. ಬಿಳಿ ಕೋಲನ್ನು ಬಿಟ್ಟು ನಡೆಯುವುದನ್ನು ಯಾರೂ ಸದಭ್ಯಾಸ ಎನ್ನುವುದಿಲ್ಲವಲ್ಲ.

ತಾಳ್ಮೆಯ ವಿಷಯ ಬಂದಿದ್ದರಿಂದ ಒಂದು ಮಾತು. ನಾವು ಯಂತ್ರದ ದನಿಯನ್ನು ಬಹಳ ವೇಗವಾಗಿ ಇಟ್ಟುಕೊಳ್ಳುತ್ತೇವೆ, ಪಕ್ಕದಲ್ಲಿದ್ದವರಿಗೆ ಒಂದಕ್ಷರವೂ ತಿಳಿಯದಷ್ಟು. ಷಟ್ಪದಿಯನ್ನೂ ಹಾಗೆಯೇ ಕೇಳುತ್ತಿದ್ದೆ. ಅರ್ಥವಾಗುತ್ತಿತ್ತು, ರುಚಿ ಹತ್ತುತ್ತಿರಲಿಲ್ಲ. ಈಗ ಷಟ್ಪದಿಗೆ ಮಾತ್ರ ಮಗಳನ್ನು ಕರೆಯುತ್ತೇನೆ. ಅವಳು ತಪ್ಪು ಜಾಗದಲ್ಲಿ ನಿಲ್ಲಿಸುತ್ತಾಳೆ, ಇಬ್ಬರೂ ಸೇರಿ ಸರಿ ಮಾಡಿಕೊಳ್ಳುತ್ತೇವೆ. ಇಲ್ಲಿ ಕೇಳುವುದರಲ್ಲಿ ನನಗೆ ಕೊರಳು ಬಗ್ಗಿದಂತೆ ಅನಿಸುವುದಿಲ್ಲ.

ತೋಟದಂಚಿನವ · ಜೂನ್ 5

ಧಾರವಾಡದ ಗುರುಗಳೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಕೇಳುವುದು ನನಗೆ ಆಯ್ಕೆ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ನಿಯಮ ನನ್ನ ಮನೆಗೆ ಮಾತ್ರ, ಉತ್ತರ ಹೇಳಲು ಕಾದು ಕುಳಿತವರೊಬ್ಬರು ನಮ್ಮ ಜಗುಲಿಯಲ್ಲಿ ಇರುವುದರಿಂದ. ನಿಮ್ಮ ಮಾತಿಗೆ ಋಣಿ.

ಇಂದು ಮದ್ದು ಹೊಡೆದಾಯಿತು. ಜೇಬಿನ ಪುಸ್ತಕದಲ್ಲಿ ಸಂಜೆಗೆ ಇಪ್ಪತ್ತಮೂರು ಪ್ರಶ್ನೆಗಳಿದ್ದವು. ದೀಪ ಹಚ್ಚಿದ ಮೇಲೆ ನೋಡಿದರೆ ನಾಲ್ಕನ್ನು ಬಿಟ್ಟು ಉಳಿದವುಗಳ ಉತ್ತರ ನನಗೆ ಬೇಕೇ ಇರಲಿಲ್ಲ.

ಶಿರಸಿ ಘಟ್ಟ · ಜೂನ್ 6

ಸಂಜೆಯವರೆಗೆ ಕಾದರೆ ಬಸ್ ತಪ್ಪುತ್ತದೆ. ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿದೆಯೇ ಎಂಬುದನ್ನು ಮನೆಯಲ್ಲಿ ಯಾರನ್ನು ಕೇಳುವುದು? ಇಂಥವುಗಳನ್ನು ನಿಯಮದಿಂದ ಹೊರಗಿಡಿ.

ರಾತ್ರಿ ಪಾಳಿ (ಶಿವಮೊಗ್ಗ ಜಿಲ್ಲೆ) · ಜೂನ್ 7

ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದೇನೆ. ಮಳೆಗಾಲ ಶುರುವಾಯಿತಲ್ಲ, ಹೊರಗಿಡಬೇಕಾದ ಇನ್ನೊಂದು ವಿಷಯವನ್ನು ಕೈಮುಗಿದು ಹೇಳುತ್ತೇನೆ: ಹಾವು ಕಚ್ಚಿದಾಗ ಯಾರನ್ನೂ ಕೇಳಬೇಡಿ, ಏನನ್ನೂ ಹುಡುಕಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನ ಹತ್ತಿ ಹೊರಡಿ.

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗನನ್ನು ಕರೆತಂದರು. ಹುಲ್ಲು ಕೊಯ್ಯುವಾಗ ಕಚ್ಚಿತ್ತು. ಪಕ್ಕದ ಮನೆಯವರು ಯಾವುದೋ ಸೊಪ್ಪಿನ ರಸ ಹಚ್ಚಿದ್ದರು. ಅವನ ಅಣ್ಣ ಮೊಬೈಲಿನಲ್ಲಿ ಹಾವಿನ ಚಿತ್ರಗಳನ್ನು ಒಂದೊಂದಾಗಿ ತೋರಿಸಿ "ಇದಾ? ಇದಾ?" ಎಂದು ಕೇಳುತ್ತಾ ಮುಕ್ಕಾಲು ಗಂಟೆ ಕಳೆದಿದ್ದ. ಮಂಡಿಯ ಕೆಳಗೆ ಹಗ್ಗ ಬಿಗಿದಿದ್ದರು. ಕಾಲು ಬಾಳೆದಿಂಡಿನಂತೆ ಊದಿತ್ತು. ಹಿರಿಯರನ್ನು ಕೇಳಿದ್ದೂ ಆಗಿತ್ತು, ಅಂತರ್ಜಾಲವನ್ನು ಕೇಳಿದ್ದೂ ಆಗಿತ್ತು. ಹುಡುಗ ಉಳಿದುಕೊಂಡ, ಆದರೆ ಹನ್ನೊಂದು ದಿನ ಮಲಗಿದ.

ಹಾವು ಯಾವುದೆಂದು ನೀವು ಗುರುತಿಸಲೇಬೇಕೆಂದಿಲ್ಲ. ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ. ಕಚ್ಚಿದ ಸಮಯ ನೆನಪಿಟ್ಟುಕೊಳ್ಳಿ. ಉಂಗುರ, ಕಾಲ್ಗೆಜ್ಜೆ ಬಿಚ್ಚಿ. ಮೂಳೆ ಮುರಿದವರಿಗೆ ಮಾಡುವಂತೆ ಕೈಕಾಲಿಗೆ ಒಂದು ಪಟ್ಟಿ ಇಟ್ಟು ಅಲುಗಾಡದಂತೆ ಕಟ್ಟಿ. ರಕ್ತ ನಿಲ್ಲಿಸುವಂತೆ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿ ಹಾಕಿ ಹೀರಬೇಡಿ. ಕಟ್ಟುಹಾವು ರಾತ್ರಿ ಮಲಗಿದ್ದಾಗ ಕಚ್ಚಿದರೆ ನೋವು ಇಲ್ಲದಿರಬಹುದು, ಗುರುತೂ ಕಾಣದಿರಬಹುದು. ಬೆಳಿಗ್ಗೆ ರೆಪ್ಪೆ ಎತ್ತಲಾಗದೆ, ಹೊಟ್ಟೆನೋವು ಎನ್ನುತ್ತಾ ಬರುತ್ತಾರೆ. ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಆಸ್ಪತ್ರೆ ಮುಟ್ಟಿದ ಮೇಲೆ ಮಾತ್ರ ತಾಳ್ಮೆ ಇರಲಿ. ರಕ್ತವನ್ನು ಗಾಜಿನ ನಳಿಕೆಯಲ್ಲಿಟ್ಟು ಇಪ್ಪತ್ತು ನಿಮಿಷ ಅಲುಗಾಡಿಸದೆ ಬಿಡುತ್ತೇವೆ, ಹೆಪ್ಪುಗಟ್ಟುತ್ತದೆಯೇ ಎಂದು ನೋಡಲು. ಆ ಇಪ್ಪತ್ತು ನಿಮಿಷದಲ್ಲಿ "ಏನೂ ಮಾಡದೆ ಸುಮ್ಮನೆ ನಿಂತಿದ್ದೀರಲ್ಲ" ಎಂದು ನಮ್ಮ ಮೇಲೆ ಕೂಗಾಡುತ್ತಾರೆ. ಅವರ ಸಂಕಟ ತಿಳಿಯುತ್ತದೆ. ನಾವು ಸುಮ್ಮನೆ ನಿಂತಿರುವುದಿಲ್ಲ.

ತೋಟದಂಚಿನವ · ಜೂನ್ 7

ಅಕ್ಕ, ಇದನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ಕೊಟ್ಟಿಗೆಯ ಬಾಗಿಲಿಗೆ ಅಂಟಿಸಿದ್ದೇನೆ. ಶಿರಸಿಯವರು ಹೇಳಿದ ರಸ್ತೆಯ ವಿಷಯವೂ ನಿಯಮದ ಹೊರಗೆ.

ಓದು ಮುಗಿಯದವಳು (ಬೆಂಗಳೂರು) · ಜೂನ್ 9

ಮನಃಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. 48 ದಿನ ಎಂದಾಗ ಒಂದು ಅಧ್ಯಯನ ನೆನಪಾಯಿತು.

ಅಭ್ಯಾಸ ಬೇರೂರಲು 21 ದಿನ ಸಾಕು ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತದೆ. ಅದರ ಮೂಲ ಹುಡುಕಿಕೊಂಡು ಹೋದರೆ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಮಾತು ಸಿಗುತ್ತದೆ: ಶಸ್ತ್ರಚಿಕಿತ್ಸೆಯ ನಂತರ ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಸುಮಾರು 21 ದಿನ ಬೇಕಾಗುತ್ತದೆ ಎಂದು. "ಕನಿಷ್ಠ" ಎಂಬ ಪದ ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಇಟ್ಟುಕೊಂಡು ಅಧ್ಯಯನ ನಡೆಸಿದರು. ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ರಾತ್ರಿ ಊಟಕ್ಕೆ ಮುಂಚೆ ಓಡುವುದು, ಇಂಥ ಸಣ್ಣ ಸಣ್ಣ ಕೆಲಸಗಳು. ಅವು ಯೋಚಿಸದೆ ನಡೆಯುವಂತಾಗಲು ಹಿಡಿದ ಕಾಲ ಸರಾಸರಿ 66 ದಿನ. ಆದರೆ ಒಬ್ಬರಿಗೆ 18, ಇನ್ನೊಬ್ಬರಿಗೆ 254 ದಿನ ಎಂಬಷ್ಟು ಅಂತರವಿತ್ತು. ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನೂ ಆಗಲಿಲ್ಲ.

ಈ ಕೊನೆಯ ಸಾಲು ನನ್ನನ್ನು ಉಳಿಸಿತು. ಬೆಳಿಗ್ಗೆ ಎದ್ದೊಡನೆ ಹಾಸಿಗೆಯಲ್ಲೇ ಮೊಬೈಲ್ ನೋಡುವುದನ್ನು ಬಿಡಲು ಐದು ಸಲ ಹೊರಟು, ಒಂದೊಂದು ಸಲವೂ ಒಂದು ದಿನ ತಪ್ಪಿದ ಕೂಡಲೇ "ಹೋಯಿತು" ಎಂದು ಕೈಚೆಲ್ಲಿದ್ದೆ. ಆರನೆಯ ಸಲ ತಪ್ಪಿದ ಮರುದಿನವೇ ಮತ್ತೆ ಹಿಡಿದೆ. ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ, ನೂರೈವತ್ತು ರೂಪಾಯಿಯ ಅಲಾರಂ ಗಡಿಯಾರ ತಂದೆ. ಈಗ ಬೆಳಿಗ್ಗೆ ಮೊದಲು ಕೇಳುವುದು ಎದುರು ಮನೆಯವರು ಅಂಗಳ ಗುಡಿಸುವ ಸದ್ದು.

ನಿಮ್ಮ ಅಭ್ಯಾಸ 48ಕ್ಕೆ ಕೂರದಿದ್ದರೆ ಬೇಸರಪಡಬೇಡಿ ಎನ್ನಲು ಇಷ್ಟೆಲ್ಲ ಬರೆದೆ.

ಹಿಮದೂರಿನವಳು (ಟೊರಾಂಟೊ) · ಜೂನ್ 15

ತುಮಕೂರಿನವಳು, ಈಗ ಕೆನಡಾದಲ್ಲಿದ್ದೇನೆ. ನನ್ನದು ದೋಸೆ ಹಿಟ್ಟಿನ ಕಥೆ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ನಾಲ್ಕು ಸಲ ಹಿಟ್ಟು ಹಾಳು ಮಾಡಿದೆ. ಎಂಟು ಗಂಟೆ ಬಿಡಿ ಎಂದು ಎಲ್ಲ ಕಡೆ ಬರೆದಿರುತ್ತದೆ. ಎಂಟು ಗಂಟೆಗೆ ತೆಗೆದರೆ ಗೋಡೆಗೆ ಬಳಿಯುವ ಸುಣ್ಣದ ಹಾಗೆ ಸಪ್ಪೆ. ಅಮ್ಮನಿಗೆ ಫೋನು ಮಾಡಿದರೆ "ಉಬ್ಬುವವರೆಗೆ ಬಿಡು" ಎಂದರು. ಎಷ್ಟು ಹೊತ್ತು ಎಂದು ಕೇಳಿದರೆ ಮತ್ತೆ "ಉಬ್ಬುವವರೆಗೆ". ಆಗ ಸಿಟ್ಟು ಬಂದಿತ್ತು.

ಆಮೇಲೆ ಒಲೆಯ ಕೆಳಗಿನ ಓವನ್ನಿನಲ್ಲಿ ದೀಪ ಮಾತ್ರ ಹಚ್ಚಿ, ಪಾತ್ರೆಯನ್ನು ಅದರೊಳಗಿಟ್ಟು, ಪಾತ್ರೆಯ ಹೊರಗೆ ಹಿಟ್ಟಿನ ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡ್ ಹಾಕಿದೆ. ಹೊರಗೆ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿತ್ತು. ಹತ್ತೊಂಬತ್ತು ಗಂಟೆ ಹಿಡಿಯಿತು. ಹಿಟ್ಟು ರಬ್ಬರ್ ಬ್ಯಾಂಡಿನಿಂದ ನಾಲ್ಕು ಬೆರಳು ಮೇಲೆ ಏರಿತ್ತು, ಸೌಟು ಅದ್ದಿದಾಗ ಸಣ್ಣಗೆ ಉಸಿರು ಬಿಟ್ಟಂಥ ಸದ್ದು. ಅಮ್ಮನ ಮಾತಿಗಿಂತ ಸರಿಯಾದ ಅಳತೆ ಇನ್ನೊಂದಿರಲಿಲ್ಲ. ತುಮಕೂರಿನ ಮೇ ತಿಂಗಳಿಗೂ ಟೊರಾಂಟೊದ ಜನವರಿಗೂ ಅದೇ ಒಂದು ಮಾತು ಹೊಂದುತ್ತದೆ.

ಓವನ್ನಿನ ದೀಪದ ಉಪಾಯ ಮಾತ್ರ ಅಂತರ್ಜಾಲದ್ದೇ. ಅಮ್ಮ ಓವನ್ ಕಂಡವರಲ್ಲ.

ತೋಟದಂಚಿನವ · ಜುಲೈ 22

ನಿನ್ನೆಗೆ ಮಂಡಲ ಮುಗಿಯಿತು. ಕೇಳಿದವರಿಗೆಲ್ಲ ಲೆಕ್ಕ ಒಪ್ಪಿಸುತ್ತೇನೆ.

ಏಳು ದಿನ ತಪ್ಪಿದೆ. ಅದರಲ್ಲಿ ಮೂರು ದಿನ ಮಂಗಗಳು ನುಗ್ಗಿದಾಗ, ಏನು ಮಾಡುವುದೆಂದು ತೋಚದೆ ಕೈ ತಾನಾಗಿ ಜೇಬಿಗೆ ಹೋಯಿತು. ಬೆಂಗಳೂರಿನ ತಂಗಿ ಹೇಳಿದಂತೆ ಮರುದಿನ ಮತ್ತೆ ಹಿಡಿದೆ. ಜೂನ್ ಕೊನೆಯ ವಾರ ಗಾಳಿಗೆ ಕಂಬ ಬಿದ್ದು ಆರು ದಿನ ವಿದ್ಯುತ್ತೂ ಇಲ್ಲ, ನೆಟ್‌ವರ್ಕೂ ಇಲ್ಲ. ಹಿಂದಿನ ವರ್ಷ ಇಂಥದ್ದೇ ದಿನಗಳಲ್ಲಿ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದೆ. ಈ ಸಲ ಅಪ್ಪಯ್ಯನ ಎದುರು ಕುಳಿತೆ.

ಅವರು ಹೇಳಿದ ಒಂದು ಸಂಗತಿಯನ್ನು ನೆಟ್‌ವರ್ಕ್ ಬಂದ ಮೇಲೆ ಪರೀಕ್ಷಿಸಿ ನೋಡಿದೆ. ಅವರ ಅಜ್ಜನ ಕಾಲದಲ್ಲಿ "ಕೋಲ್ಮನ್ ಸಾಹೇಬರ ಮದ್ದು" ಎನ್ನುತ್ತಿದ್ದರಂತೆ. ನಿಜವೇ. ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು, ಬೋರ್ಡೋ ದ್ರಾವಣವನ್ನು ಅಡಿಕೆಗೆ ತಂದರು. ಅದಕ್ಕೂ ಮುಂಚೆ ಫ್ರಾನ್ಸಿನಲ್ಲಿ ದಾರಿಹೋಕರು ದ್ರಾಕ್ಷಿ ಕದಿಯಬಾರದೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಚಿಮುಕಿಸುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದಿರುವುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿದ್ದು 1882ರಲ್ಲಿ, ಪ್ರಯೋಗ ಮಾಡಿ ಪ್ರಕಟಿಸಿದ್ದು 1885ರಲ್ಲಿ. ಮೂರು ವರ್ಷ! ಸಂಜೆ ದೀಪ ಹಚ್ಚಿ ಇದನ್ನೆಲ್ಲ ಅಪ್ಪಯ್ಯನಿಗೆ ಓದಿ ಹೇಳಿದೆ. "ಕಳ್ಳರಿಗೆ ಇಟ್ಟ ಮದ್ದೇ ಇದು?" ಎಂದು ಬಹಳ ಹೊತ್ತು ಅದನ್ನೇ ಮೆಲುಕು ಹಾಕಿದರು.

ಅಪ್ಪಯ್ಯನ ಮಾತು ಎಲ್ಲವೂ ನಿಜವಾಗಲಿಲ್ಲ. ಎರಡನೆಯ ಮದ್ದಿಗೆ ಹದಿನೈದನೆಯ ತಾರೀಕು ಹೊಳವಾಗುತ್ತದೆ, ಮಳೆ ಬಿಡುತ್ತದೆ ಎಂದಿದ್ದರು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನನ್ನೂ ಕರೆಸಿದ್ದೆವು. ಹತ್ತು ಗಂಟೆಗೆ ಮಳೆ ಮರದ ತುದಿ ಕಾಣದಂತೆ ಹೊಡೆಯಿತು. ಆ ದಿನ ಅವರ ಮುಖ ಸಣ್ಣದಾಯಿತು. ಅಂದಿನಿಂದ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಬೆಳಿಗ್ಗೆಯೇ ನೋಡಿ ಅವರಿಗೆ ಹೇಳುತ್ತೇನೆ, ಅವರು ಪಡುವಣ ದಿಕ್ಕಿನ ಮೋಡ ನೋಡಿ ತಮ್ಮದನ್ನು ಹೇಳುತ್ತಾರೆ. ಇಬ್ಬರದ್ದೂ ಕೂಡಿದ್ದು ಹತ್ತೊಂಬತ್ತನೆಯ ತಾರೀಕು.

ಅಂದು ಹೊಸ ಸುಣ್ಣ. ದೊಡ್ಡ ಪ್ಲಾಸ್ಟಿಕ್ ಪೀಪಾಯಿಯಲ್ಲಿ ಕಲಕಿದೆ. ನೀಲಿ ಎಂದರೆ ನಮ್ಮ ಕೆರೆಯ ಮೇಲೆ ಹೊಳವಾದಾಗ ಕಾಣುವ ಆಕಾಶದ ನೀಲಿ. ಅಪ್ಪಯ್ಯನನ್ನು ಕೈಹಿಡಿದು ಅಂಗಳಕ್ಕೆ ಕರೆತಂದು ಕುರ್ಚಿ ಹಾಕಿದೆ. ಚೂರಿ ಅದ್ದಿ ನಿಂತೆವು. ಅವರು ಬಾಯಲ್ಲೇ ಅರವತ್ತು ಎಣಿಸಿದರು. ತೆಗೆದು ನೋಡಿದರೆ ಅಲಗಿನ ತುದಿಯಲ್ಲಿ ತೆಳ್ಳಗೆ ಕೆಂಪು ತಾಮ್ರದ ಛಾಯೆ. ಸುಣ್ಣ ಇನ್ನೂ ಸ್ವಲ್ಪ ಬೇಕು. ಅಳತೆಯಲ್ಲಿ ಎಲ್ಲವೂ ಸರಿಯಿತ್ತು, ಆದರೂ ಬೇಕು. ಎರಡು ಬೊಗಸೆ ತಿಳಿ ಹಾಕಿ ಕಲಕಿ, ಚೂರಿಯನ್ನು ಬೂದಿಯಲ್ಲಿ ಉಜ್ಜಿ ಮತ್ತೆ ಅದ್ದಿದೆ. ಈ ಸಲ ಅರವತ್ತು ನಾನು ಎಣಿಸಿದೆ. ಅಪ್ಪಯ್ಯ ಚೂರಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ ನೋಡಿ, ತಮ್ಮ ಪಂಚೆಯ ಅಂಚಿಗೆ ಒರೆಸಿ ನನಗೆ ಕೊಟ್ಟರು.

"ಹೊಡೆಯಿರಿ" ಎಂದು ಕೊನೆಗೌಡನನ್ನು ಕೂಗಿದೆ.